ಕೊಪಣದವರಿಗೆ ಕಲಿಸಿದ್ದು ಯಾರು?

ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ಕನ್ನಡನಾಡಿನ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇದೆ ಎಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. ಈ ಸೀಮೆಯವರು ಪಟ್ಟುಹಿಡಿದು ಓದದಿದ್ದರೂ ಕಾವ್ಯದ ಮರ್ಮ ಬಲ್ಲವರು, ಇಲ್ಲಿನ ಚಿಕ್ಕಮಕ್ಕಳಿಗೂ ಮಾತಿನ ವಿವೇಕ ಉಂಟು ಎಂದು ಆ ಗ್ರಂಥವನ್ನು ಬರೆದ ಶ್ರೀವಿಜಯ ಹೊಗಳುತ್ತಾನೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಹೊಗಳಿಕೆ ತಪ್ಪದೆ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಓದದವರಿಗೆ ಅದು ಬಂದದ್ದಾದರೂ ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1893ರಲ್ಲಿ ಇಂಥ ಪ್ರಶ್ನೆಗೊಂದು ಉತ್ತರ ಕೊಟ್ಟ. ಒಂದು ಸಮಾಜದ ಸಾಮಾನ್ಯರೆಲ್ಲರಲ್ಲೂ ಸಮಾನವಾಗಿರುವ ನಂಬಿಕೆ, ಭಾವನೆಗಳ ಮೊತ್ತವೇ ಸಾಮೂಹಿಕ ಪ್ರಜ್ಞೆ. ವ್ಯಕ್ತಿಗಳು ಹೋಗುತ್ತಾರೆ, ಅದು ಉಳಿಯುತ್ತದೆ ಎಂದ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಕದಲಿದಾಗ ಲಕ್ಷ ಕೈಗಳು ಒಟ್ಟಿಗೆ ಮೇಲೇಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೋವಿಜ್ಞಾನಿ ಕಾರ್ಲ್ ಯೂಂಗ್ ಇನ್ನೂ ಆಳಕ್ಕೆ ಹೋಗಿ, ಮನುಷ್ಯಕುಲಕ್ಕೆಲ್ಲ ಹುಟ್ಟಿನಿಂದಲೇ ಬರುವ ಒಂದು ಸಾಮೂಹಿಕ ಸುಪ್ತಮನಸ್ಸಿದೆ ಎಂದ. ಮೂರನೆಯ ವಾದವೂ ಒಂದಿದೆ, ಕೇಳಲು ಅದೇ ಬಲು ರುಚಿ: ಒಂದು ಕಡೆ ಸಾಕಷ್ಟು ಮಂದಿ ಕಲಿತದ್ದು, ನಡುವೆ ಯಾರೂ ಹೋಗಿ ಹೇಳದಿದ್ದರೂ, ದೂರದವರಿಗೆ ತಾನಾಗಿ ಬರುತ್ತದಂತೆ.

ಈ ವಾದಕ್ಕೆ ಆಧಾರವಾಗಿ ಹೇಳುವ ಕತೆ ಜಪಾನಿನ ಕೋಶಿಮಾ ದ್ವೀಪದ್ದು. 1953ರಲ್ಲಿ ಅಲ್ಲಿ ಇಮೋ ಎಂಬ ಎಳೆಯ ಹೆಣ್ಣುಕೋತಿ ಗೆಣಸಿನ ಮಣ್ಣನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ತೊಳೆಯುವ ಕೋತಿಗಳ ಸಂಖ್ಯೆ ನೂರು ಮುಟ್ಟಿದ್ದೇ ತಡ, ಕಡಲಾಚೆಯ ಕೋತಿಗಳಿಗೂ ವಿದ್ಯೆ ಹತ್ತಿಬಿಟ್ಟಿತು ಎಂದು ಲೇಖಕ ಲಯಲ್ ವಾಟ್ಸನ್ 1979ರಲ್ಲಿ ಬರೆದ. ಜಪಾನಿನ ಸಂಶೋಧಕರ ದಾಖಲೆ ತೆಗೆದು ನೋಡಿದರೆ, 1962ರಲ್ಲಿ ಆ ಹಿಂಡಿನಲ್ಲಿದ್ದದ್ದೇ 59 ಕೋತಿಗಳು! ಕಲಿಕೆಯೂ ವರ್ಷಗಟ್ಟಲೆ ಹಿಡಿದಿತ್ತು. ಮೊದಲು ಇಮೋಳ ತಾಯಿ ಮತ್ತು ಆಟದ ಗೆಳೆಯರು, ಆಮೇಲೆ ತಾಯಂದಿರಿಂದ ಮರಿಗಳು. ವಯಸ್ಸಾದ ಗಂಡುಕೋತಿಗಳು ಕೊನೆಗೂ ಕಲಿಯಲಿಲ್ಲ. (ಇದನ್ನು ಓದಿ ಯಾರಿಗಾದರೂ ತಮ್ಮ ಊರಿನ ಹಿರಿಯರು ನೆನಪಾದರೆ ನಾನು ಹೊಣೆಯಲ್ಲ.)

ದೂರ ದೂರದಲ್ಲಿ ಒಂದೇ ವಿಚಾರ ಕಾಣಿಸಿಕೊಳ್ಳುವುದಕ್ಕೆ ಕೋಶಿಮಾದವರೆಗೆ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಅಲ್ಲೇ ಹತ್ತಿರದ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳಿವೆ. ಧರ್ಮದಲ್ಲಿ ಮುಂದುವರಿಯುವುದು ದೊಡ್ಡವರ ಸೊತ್ತಲ್ಲ, ಶ್ರಮಿಸಿದರೆ ಸಾಮಾನ್ಯನಿಗೂ ಸಾಧ್ಯ. ಗಡಿಯಾಚೆಯವರಿಗೂ ಇದು ತಿಳಿಯಲಿ ಎಂಬುದು ಅವುಗಳ ಸಾರ. ಇದೇ ಒಕ್ಕಣೆ ಮಸ್ಕಿಯಲ್ಲಿದೆ, ಮಧ್ಯಪ್ರದೇಶದ ರೂಪನಾಥದಲ್ಲಿದೆ, ಬಿಹಾರದ ಸಾಸಾರಾಮಿನಲ್ಲಿದೆ, ರಾಜಸ್ಥಾನದ ಬೈರಾಟದಲ್ಲಿದೆ. ಅಶೋಕನೆಂಬ ಹೆಸರು ಮರೆತುಹೋಗಿದ್ದರೆ, ಭಾರತದ ಬಂಡೆಗಳೆಲ್ಲ ಒಂದೇ ಹೊತ್ತಿಗೆ ಒಂದೇ ಮಾತು ಆಡಿದವು ಎಂದು ನಾವು ಬೆರಗಾಗುತ್ತಿದ್ದೆವೇನೋ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಗುರುತು ಬಿಟ್ಟುಹೋಗಿದ್ದಾನೆ. ಲಿಪಿಕಾರ ಎಂಬ ಪದವನ್ನು ಆತ ಬರೆದದ್ದು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ. ಆಂಧ್ರದ ಎರ್‍ರಗುಡಿಯ ಶಾಸನದಲ್ಲಂತೂ ಡಂಗುರ ಹೊಡೆಸಿ ಜನರಿಗೆ ತಿಳಿಸಿರೆಂದು ಅಧಿಕಾರಿಗಳಿಗೆ ಅಪ್ಪಣೆಯೇ ಇದೆ. ನೂರಾರು ಮೈಲಿ ಹಬ್ಬಿದ ಆ ಪ್ರಜ್ಞೆ ಬಂದದ್ದು ಕಾಲ್ನಡಿಗೆಯಲ್ಲಿ, ಉಳಿಯಲ್ಲಿ, ಡಂಗುರದಲ್ಲಿ.

ಗುರುತು ಬಿಡದೆ ಹೋದವರದೂ ಇದೇ ಕತೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಚಪ್ಪಡಿಗಳಲ್ಲಿ ಕೊರೆದ ದುಂಡು ಕಿಂಡಿ ಸುರಪುರ ಸೀಮೆಯ ರಾಜನಕೋಳೂರಿನಲ್ಲೂ ಇದೆ. ಕೊರೆದವರ ಹೆಜ್ಜೆ ಅಳಿಸಿಹೋಗಿದೆ ಎಂದಮಾತ್ರಕ್ಕೆ ಅವರು ನಡೆದೇ ಇರಲಿಲ್ಲ ಎನ್ನಲಾಗದು.

ಶ್ರೀವಿಜಯ ಕಂಡ ಓದಿಲ್ಲದ ಜಾಣ್ಮೆಯೂ ಹೀಗೇ ಹೊತ್ತು ತಂದದ್ದು. 2025ರಲ್ಲಿ ಪದ್ಮಶ್ರೀ ಪಡೆದ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಯಾಟ ಮನೆತನದಿಂದ ಬಂದ ವಿದ್ಯೆ. ಪರದೆಯ ಹಿಂದಿನ ದೀಪ, ಹದ ಮಾಡಿದ ತೊಗಲು, ಹಾಡುವ ಗಂಟಲು, ಮುಂದೆ ಕೂತ ಊರು ಇವಿಷ್ಟೂ ಸೇರಿದರೇ ರಾಮಾಯಣ ಓಡಾಡುತ್ತದೆ. ಅಂಥ ಆಟವನ್ನು ಬೆಳತನಕ ನೋಡಿದ ಕೂಲಿಯವನು ಪುಸ್ತಕ ಮುಟ್ಟದೆಯೇ ಮಂಥರೆಯ ಮಾತಿನ ವರಸೆ ಬಲ್ಲ. ಕಲಿತೆ ಎಂಬುದು ಅವನಿಗೆ ಗೊತ್ತೇ ಆಗಿರುವುದಿಲ್ಲ.

ಗೊತ್ತಾಗದೆ ಕಲಿಯುವುದರಲ್ಲೇ ಅಪಾಯವೂ ಇದೆ. ಡರ್ಕ್‌ಹೈಮ್ ಹೇಳಿದ ಪ್ರಜ್ಞೆಯ ಮುಖ್ಯ ಕೆಲಸಗಳಲ್ಲಿ ಒಂದು, ಗೆರೆ ದಾಟಿದವರ ಮೇಲೆ ಊರಿಗೆಲ್ಲ ಒಟ್ಟಿಗೆ ಸಿಟ್ಟು ಬರಿಸುವುದು. 2021ರ ಸೆಪ್ಟೆಂಬರಿನಲ್ಲಿ ಇದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಎರಡು ವರ್ಷದ ಮಗುವೊಂದು ಆಂಜನೇಯನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆಂದು 25 ಸಾವಿರ ರೂಪಾಯಿ ಕೊಡಬೇಕೆಂದು ಕೆಲವರು ಆ ಕುಟುಂಬಕ್ಕೆ ತಾಕೀತು ಮಾಡಿದರು. ಪ್ರಕರಣ ದಾಖಲಾಗಿ ಐವರ ಬಂಧನವಾಯಿತು. ನಮ್ಮ ಹಿಂದಿನಿಂದ ಬಂದದ್ದು, ರಕ್ತದಲ್ಲೇ ಇರುವುದು ಎಂದು ಇಂಥದ್ದನ್ನು ಸಮರ್ಥಿಸುವವರು ಮಿಯಾಪುರದ ಪ್ರಸಂಗವನ್ನು ಇನ್ನೊಮ್ಮೆ ನೋಡಬೇಕು. ದಂಡ ಹಾಕಿದವರಿಗೆ ಆ ಗೆರೆಯನ್ನು ಯಾರೋ ಕಲಿಸಿದ್ದರು. ಎರಡು ವರ್ಷದ ಆ ಮಗುವಿಗೆ ಅದನ್ನು ಇನ್ನೂ ಯಾರೂ ಕಲಿಸಿರಲಿಲ್ಲ.