ದಾಕ್ಷಿಣ್ಯದ ಒಂದು ಸಾಲು

ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಒಂದು ಗುಣವುಂಟು. ಇನ್ನೊಬ್ಬ ಕನ್ನಡಿಗನೊಡನೆ ಹಣದ ಮಾತು ಬಂದಾಗ ನಾಲಿಗೆ ತಡವರಿಸುತ್ತದೆ. ಇದನ್ನು ದಾಕ್ಷಿಣ್ಯವೆನ್ನುತ್ತೇವೆ, ಸದ್ಗುಣವೆಂದೂ ಎಣಿಸುತ್ತೇವೆ. ಅದು ನಿಜವಾಗಿ ಸದ್ಗುಣವೇ ಎಂಬುದು ಇಲ್ಲಿಯ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ನಮಗೆ ಬೇಕಾದವರಿಬ್ಬರ ನಡುವೆ ಒಂದು ವ್ಯವಹಾರ ನಡೆಯಿತು. ಧಾರವಾಡ ಕಡೆಯ ಹಿರಿಯರೊಬ್ಬರಿಗೆ ಒಂದು ಹೌಸಿಂಗ್ ಸೊಸಾಯಿಟಿಯ ನೆಲ ಅಂತಸ್ತಿನಲ್ಲಿ ಅಂಗಡಿ ಜಾಗವಿತ್ತು. ಕುಂದಾಪುರ ಕಡೆಯವರೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಸಣ್ಣ ಹೋಟೆಲು ತೆರೆಯುವವರಿದ್ದರು. ಕೇಂದ್ರ ಸರ್ಕಾರದ ಗುಮಾಸ್ತರೆಂಬ ಕಾರಣಕ್ಕೆ ಕರಾರಿನ ಕರಡು ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಬಾಡಿಗೆ, ಡಿಪಾಜಿಟ್ಟು, ಅವಧಿ ಎಲ್ಲ ಬರೆದೆವು. ನೀರು, ದೀಪ, ಸೊಸಾಯಿಟಿಯ ಖರ್ಚು ಎಂಬಲ್ಲಿಗೆ ಬಂದಾಗ ಇಬ್ಬರೂ ನಕ್ಕು, "ಅದೇನು ದೊಡ್ಡದು, ನಮ್ಮ ನಮ್ಮಲ್ಲಿ ನೋಡಿಕೊಂಡರಾಯಿತು" ಎಂದರು. ನಾವೂ ಕೆದಕಲಿಲ್ಲ. "ಇತರ ಖರ್ಚುಗಳನ್ನು ಬಾಡಿಗೆದಾರರು ವಹಿಸತಕ್ಕದ್ದು" ಎಂದು ಒಂದು ಸಾಲು ಬರೆದು, ಕಾಫಿ ಕುಡಿದು ಎದ್ದೆವು.

ಮೂರನೆಯ ವರ್ಷ ಲಿಫ್ಟು ಕೆಟ್ಟಿತು. ನೀರಿನ ಪಂಪನ್ನೂ ಬದಲಿಸಬೇಕಾಯಿತು. ಸೊಸಾಯಿಟಿಯ ಬಿಲ್ಲು ಮಾಲಿಕರಿಗೆ ಬಂತು. ಅವರು ಅದನ್ನು ಹೋಟೆಲಿಗೆ ಕಳಿಸಿದರು.

"ನನ್ನ ದೋಸೆ ಲಿಫ್ಟಿನಲ್ಲಿ ಹೋಗುವುದಿಲ್ಲ ಮಾರಾಯ್ರೆ" ಎಂದರು ಹೋಟೆಲಿನವರು.

"ಬರದದ್ದು ಬರದದ್ದೇ ಅಲ್ಲೇನ್ರಿ? ಬಾಡಿಗಿ ಕಡಿಮಿ ಇಟ್ಟದ್ದೇ ಅದಕ್ಕ" ಎಂದರು ಮಾಲಿಕರು. ಕೊನೆಗೆ ನೀರು ನಿಲ್ಲಿಸುವ ಮಾತೂ ಬಂತು. ಇಬ್ಬರೂ ಬೆರಳಿಟ್ಟು ತೋರಿಸಿದ್ದು ನಮ್ಮ ಆ ಒಂದು ಸಾಲನ್ನೇ.

ನಿಯಮವೇನು? ಮಹಾರಾಷ್ಟ್ರದ ಸೊಸಾಯಿಟಿಗಳ ಮಾದರಿ ಉಪನಿಯಮದಂತೆ, ಲಿಫ್ಟಿನ ಖರ್ಚನ್ನು ಆ ಕಟ್ಟಡದ ಸದಸ್ಯರೆಲ್ಲ, ಹತ್ತಲಿ ಬಿಡಲಿ, ಸಮನಾಗಿ ಹೊರಬೇಕು. ಆದರೆ ಸದಸ್ಯನೆಂದರೆ ಮಾಲಿಕ. ಬಾಡಿಗೆದಾರನಿಗೆ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ. ಇನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 29ನೆಯ ಕಲಮು, ನೀರು ವಿದ್ಯುತ್ತುಗಳಂಥ ಅಗತ್ಯ ಸೇವೆಯನ್ನು ನ್ಯಾಯವಾದ ಕಾರಣವಿಲ್ಲದೆ ಮಾಲಿಕ ನಿಲ್ಲಿಸಕೂಡದೆನ್ನುತ್ತದೆ. 55ನೆಯ ಕಲಮಿನಂತೆ ಕರಾರು ಲಿಖಿತವಾಗಿದ್ದು ನೋಂದಣಿಯಾಗಿರಬೇಕು. ಆ ಹೊಣೆ ಮಾಲಿಕನದು. ನಮ್ಮದು ನೋಂದಣಿಯಾಗಿತ್ತು. ಆದರೆ ಮುದ್ರೆ ಬಿದ್ದ ಮಾತ್ರಕ್ಕೆ ಮಸುಕಾದ ಸಾಲು ಸ್ಪಷ್ಟವಾದೀತೆ?

ಬಿ.ಎಸ್ಸಿ. ಓದುವಾಗ ಕಲಿತ ಮೊದಲ ಪಾಠ, ಅಳೆಯುವ ಮುನ್ನ ಏನನ್ನು ಅಳೆಯುತ್ತೇವೆಂದು ತಿಳಿದಿರಬೇಕೆಂಬುದು. ಹೋಟೆಲಿನ ಕರೆಂಟಿಗೆ ಮೀಟರುಂಟು. ಬಳಸಿ ಮುಗಿಯುವುದು ಬಳಸಿದವನದು. ಅಂಗಡಿ ಮುಚ್ಚಿದ್ದರೂ ಬಿಲ್ಲಿನಲ್ಲಿ ಬರುವ ಸ್ಥಿರ ಆಕಾರವೂ ಅವನದೇ; ತಂತಿ ಅವನಿಗಾಗಿಯೇ ಸಿದ್ಧವಾಗಿರುತ್ತದೆ. ಹೊಸ ಪಂಪು ಬಾಡಿಗೆದಾರ ಹೋದ ಮೇಲೂ ಉಳಿಯುತ್ತದೆ, ಅದು ಮಾಲಿಕನದು. ಮೆಟ್ಟಿಲ ದೀಪ, ಕಸಗುಡಿಕೆ, ಕಾವಲುಗಾರನ ಸಂಬಳ ಇವಕ್ಕೆ ಮೀಟರಿಲ್ಲ. ತಿಂಗಳಿಗೆ ಇಷ್ಟೆಂದು ಮೊದಲೇ ಒಪ್ಪಬೇಕು.

ಬಾಡಿಗೆ ಕಡಿಮೆಯಿಟ್ಟ ಮಾಲಿಕರ ವಾದವೂ ಸುಳ್ಳಲ್ಲ. ಬಾಡಿಗೆ ಇಳಿಸಿ ಖರ್ಚೆಲ್ಲ ಬಾಡಿಗೆದಾರನಿಗೆ ಬಿಡುವುದೂ ನ್ಯಾಯವೇ, ಸಹಿ ಹಾಕುವಾಗ ಇಬ್ಬರಿಗೂ ಅದು ತಿಳಿದಿದ್ದರೆ. ಪಾಲು ಹೇಗೆ ಹಂಚಿದರೂ ನಡೆದೀತು. ಹಂಚಿದ್ದು ಮೂರು ವರ್ಷದ ಮೇಲೆ ಗೊತ್ತಾಗುವುದೇ ಅನ್ಯಾಯ.

ಆ ದಿನ ನಾವು ತೋರಿದ್ದು ದಾಕ್ಷಿಣ್ಯವಲ್ಲ, ಪುಕ್ಕಲುತನ. ಅರ್ಧ ಗಂಟೆಯ ಮುಜುಗರವನ್ನು ನಾವು ಉಳಿಸಿಕೊಂಡೆವು. ಅದರ ಬಿಲ್ಲು ಅವರಿಬ್ಬರಿಗೆ ಹೋಯಿತು. ಎದುರಿನವನ ಹಿತ ಬಯಸುವ ದಾಕ್ಷಿಣ್ಯ ಕಹಿ ಪ್ರಶ್ನೆಯನ್ನು ಮೊದಲೇ ಕೇಳುತ್ತದೆ.

ಕಡೆಗೆ ಪಂಪು, ಲಿಫ್ಟಿನ ದುರಸ್ತಿಯ ಹಣವನ್ನು ಮಾಲಿಕರು ಕೊಟ್ಟರು. ತಿಂಗಳ ಖರ್ಚನ್ನು ಹೋಟೆಲಿನವರು ಒಪ್ಪಿದರು. ಅವಧಿ ಮುಗಿದೊಡನೆ ಹೋಟೆಲು ಕಲ್ಯಾಣಕ್ಕೆ ಹೋಯಿತು. ರಾಜ್ಯೋತ್ಸವಕ್ಕೆ ಇಬ್ಬರೂ ಬರುತ್ತಾರೆ, ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ.

ಈಗಲೂ ಯಾರಾದರೂ ಕರಡು ಹಿಡಿದು ನಮ್ಮ ಮನೆಗೆ ಬರುವುದುಂಟು. ಕಾಫಿಗೆ ಮೊದಲು ನಾವು ಕೇಳುವುದು ಒಂದೇ: "ಮೆಟ್ಟಿಲ ದೀಪದ ದುಡ್ಡು ಯಾರದು?"