ಹುಳಿಹಿಟ್ಟು ಹುಡುಕುವ ರಾತ್ರಿ



ಪಾಸ್ಖ ಹಬ್ಬದ ಹಿಂದಿನ ರಾತ್ರಿ ಯೆಹೂದ್ಯರ ಮನೆಗಳಲ್ಲಿ ಒಂದು ಹುಡುಕಾಟ ನಡೆಯುತ್ತದೆ. ಗುಡಿಸಿ ತೊಳೆದ ಮನೆಯಲ್ಲೇ ಮತ್ತೆ ಮೇಣದಬತ್ತಿ ಹಿಡಿದು, ಹುಳಿಹಿಟ್ಟಿನ ರೊಟ್ಟಿಯ ಚೂರು ಎಲ್ಲಾದರೂ ಉಳಿದಿದೆಯೇ ಎಂದು ಮೂಲೆಮೂಲೆ ನೋಡುತ್ತಾರೆ. ಸಿಕ್ಕಿದ್ದನ್ನು ಮರುದಿನ ಬೆಳಿಗ್ಗೆ ಸುಡುತ್ತಾರೆ. ಕಣ್ಣಿಗೆ ಬೀಳದೆ ಉಳಿದದ್ದು ನೆಲದ ಧೂಳಿಗೆ ಸಮಾನವಾಗಲಿ ಎಂದು ಹೇಳಿ, ಅದರ ಮೇಲಿನ ಹಕ್ಕನ್ನೇ ಬಿಟ್ಟುಬಿಡುತ್ತಾರೆ. ಈಜಿಪ್ಟಿನ ದಾಸತ್ವದಿಂದ ಅವಸರವಾಗಿ ಹೊರಟ ಪೂರ್ವಜರ ಹಿಟ್ಟು ಹುಳಿಯೇರಿರಲಿಲ್ಲ (ವಿಮೋಚನಕಾಂಡ 12:39). ಆ ನೆನಪಿಗೆ ಈ ಸಿದ್ಧತೆ.

ಕೆಡುಕೆಂಬ ಹಳೆಯ ಹುಳಿಹಿಟ್ಟನ್ನು ತೆಗೆದುಹಾಕಿ ಹಬ್ಬ ಆಚರಿಸಬೇಕೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು (1 ಕೊರಿಂಥ 5:7-8). ಈ ತಪಸ್ಸುಕಾಲದಲ್ಲಿ ನಮ್ಮೊಳಗೇನಿದೆ? ಬೇರೆ ಭಾಷೆಯವರಿಗೆ ಒಳ್ಳೆಯ ಪೂಜಾ ಸಮಯ ಸಿಕ್ಕಿತು, ನಮ್ಮ ಕನ್ನಡ ಕೊನೆಗೆ ಉಳಿಯಿತು ಎಂಬ ಕಹಿ ಎಷ್ಟು ಕಾಲದ್ದು? ನಮ್ಮ ಭಾಷೆಯ ಪೂಜೆಯನ್ನು ಕೇಳುವುದು ತಪ್ಪಲ್ಲ, ಕೇಳೋಣ. ಆದರೆ ಪಕ್ಕದ ಬೆಂಚಿನವರ ಮುಖ ನೋಡದಂತೆ ಮಾಡಿದ ಆ ಕಹಿ ಹುಳಿಹಿಟ್ಟೇ.

ಪಾಪನಿವೇದನೆಗೆ ಹೋಗುವ ಮುನ್ನ ಒಂದು ರಾತ್ರಿ ಬತ್ತಿ ಹಿಡಿಯೋಣ, ನೆರೆಮನೆಯ ಮೂಲೆಗಲ್ಲ, ನಮ್ಮ ಮನೆಯ ಮೂಲೆಗೆ. ಕಂಡದ್ದನ್ನು ಪ್ರಭುವಿಗೆ ಒಪ್ಪಿಸೋಣ. ಕಾಣದ್ದನ್ನೂ ನಮ್ಮದೆಂದು ಹಿಡಿದುಕೊಳ್ಳದೆ ಬಿಟ್ಟುಬಿಡೋಣ. ಆಮೆನ್.