ದೇಹದ ಕಾವಲುಗಾರನಿಗೆ ಬೆಲೆ ಕಟ್ಟುವವರಾರು?

ನಮ್ಮ ದೇಹದೊಳಗೊಂದು ಕಾವಲು ಪಡೆಯಿದೆ. ಅದರಲ್ಲಿ ಶತ್ರುವಿನ ಗುರುತು ಹಿಡಿದು ಉಳಿದ ಸೈನಿಕರಿಗೆ ತೋರಿಸಿಕೊಡುವುದು ಡೆಂಡ್ರಿಟಿಕ್ ಎಂಬ ಜೀವಕೋಶಗಳ ಕೆಲಸ. 1973ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿ ರಾಲ್ಫ್ ಸ್ಟೈನ್‌ಮನ್ ಇವುಗಳ ಪರಿಚಯ ಮಾಡಿಕೊಟ್ಟರು. ಕ್ಯಾನ್ಸರ್ ಹುಟ್ಟುವುದು ನಮ್ಮದೇ ಕೋಶಗಳಿಂದ. ಆದ್ದರಿಂದ ಅದು ಹಲವು ಬಾರಿ ಕಾವಲುಗಾರರ ಕಣ್ಣು ತಪ್ಪಿಸುತ್ತದೆ. ರೋಗಿಯ ರಕ್ತದಿಂದ ಈ ಕೋಶಗಳನ್ನು ತೆಗೆದು, ಅವುಗಳಿಗೆ ಕ್ಯಾನ್ಸರಿನ ಗುರುತು ಕಲಿಸಿ, ಮರಳಿ ದೇಹಕ್ಕೆ ಸೇರಿಸುವುದೇ ಈ ಲಸಿಕೆಯ ತತ್ವ.

2007ರಲ್ಲಿ ಸ್ವತಃ ಸ್ಟೈನ್‌ಮನ್‌ರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗಲಿತು. ಅವರು ಇತರ ಚಿಕಿತ್ಸೆಗಳೊಂದಿಗೆ ಇಂತಹ ಲಸಿಕೆಗಳನ್ನೂ ತಮ್ಮ ಮೇಲೆ ಪ್ರಯೋಗಿಸಿಕೊಂಡು ನಾಲ್ಕೂವರೆ ವರ್ಷ ಬದುಕಿದರು. 2011ರ ಸೆಪ್ಟೆಂಬರ್ 30ರಂದು ನಿಧನರಾದರು. ಮೂರು ದಿನಗಳ ಬಳಿಕ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆಯುಷ್ಯ ಹೆಚ್ಚಿಸಿದ್ದು ಲಸಿಕೆಯೇ ಎಂದು ಒಬ್ಬರ ಅನುಭವದಿಂದ ಹೇಳಲಾಗದು. ಆದರೆ ಅವರಿಗೆ ಪ್ರಯೋಗಾಲಯವಿತ್ತು, ನೆರವಾಗುವ ವಿಜ್ಞಾನಿ ಮಿತ್ರರಿದ್ದರು. ಸಾಮಾನ್ಯ ರೋಗಿಯ ಗತಿಯೇನು?

ಇದೇ ತತ್ವದ ಪ್ರೊವೆಂಜ್ ಎಂಬ ಚಿಕಿತ್ಸೆಗೆ 2010ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಪ್ರಾಸ್ಟೇಟ್ ಕ್ಯಾನ್ಸರಿನ 512 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಇದು ಬದುಕನ್ನು ಸರಾಸರಿ ನಾಲ್ಕು ತಿಂಗಳಷ್ಟು ವಿಸ್ತರಿಸಿತ್ತು. ಮೂರು ಡೋಸ್‌ಗಳಿಗೆ ಆಗ ನಿಗದಿಯಾದ ಬೆಲೆ 93,000 ಡಾಲರ್!

ನಾಲ್ಕೇ ತಿಂಗಳೇ ಎಂದು ಮೂಗು ಮುರಿಯುವುದು ಸರಿಯಲ್ಲ. ಜೀವವು ಅಲ್ಲಾಹನು ನೀಡಿದ ಅಮಾನತ್ತು. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಸಾಲ ತೀರಿಸಲು, ಮುನಿದವರೊಡನೆ ಕ್ಷಮೆ ಕೇಳಲು, ವಸಿಯ್ಯತ್ ಬರೆಯಲು ನಾಲ್ಕು ತಿಂಗಳು ಸಣ್ಣ ಅವಧಿಯೇನಲ್ಲ. ಆದರೆ ಈ ಅವಕಾಶ ಹಣವಂತನಿಗೆ ಮಾತ್ರ ಸಾಕೇ?

ಕಂಪೆನಿಗಳ ವಾದವನ್ನೂ ಕೇಳಬೇಕು. ಪ್ರತಿ ರೋಗಿಗೂ ಬೇರೆಯೇ ಲಸಿಕೆ ತಯಾರಾಗಬೇಕು. ವೆಚ್ಚ ನಿಜವಾಗಿಯೂ ದೊಡ್ಡದು. ಪ್ರೊವೆಂಜ್ ತಯಾರಿಸಿದ ಕಂಪೆನಿಯೇ 2014ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ದುಡಿದವನಿಗೆ ನ್ಯಾಯವಾದ ಲಾಭ ಸಲ್ಲಲೇಬೇಕು. ಆದರೆ ಆ 512 ಮಂದಿಯಲ್ಲಿ 171 ಮಂದಿಯನ್ನು ಹೋಲಿಕೆಗಾಗಿ ಈ ಲಸಿಕೆಯಿಲ್ಲದ ಗುಂಪಿನಲ್ಲಿರಿಸಲಾಗಿತ್ತು. ಅವರ ತ್ಯಾಗವಿಲ್ಲದೆ ಈ ಜ್ಞಾನ ದೊರೆಯುತ್ತಿರಲಿಲ್ಲ. ಹೀಗೆ ದೊರೆತ ಜ್ಞಾನದಲ್ಲಿ ಬಡ ರೋಗಿಗೂ ಹಕ್ಕಿದೆ.

ಬೆಲೆ ಹೆಚ್ಚೆಂದು ಬಡವನನ್ನು ಕೈಬಿಡುವುದು ಅನಿವಾರ್ಯವೇನಲ್ಲ. 13ನೇ ಶತಮಾನದಲ್ಲಿ ಕೈರೋದ ಮನ್ಸೂರಿ ಆಸ್ಪತ್ರೆ ವಕ್ಫ್ ಆದಾಯದಿಂದ ಬಡವರಿಗೆ ಉಚಿತ ಚಿಕಿತ್ಸೆ ನೀಡುತ್ತಿತ್ತು. ಸರಕಾರ, ಸಮಾಜ ಹಾಗೂ ನಮ್ಮ ವಕ್ಫ್ ಸಂಸ್ಥೆಗಳು ಈ ಹೊಣೆಯನ್ನು ಇಂದು ಹೇಗೆ ಹಂಚಿಕೊಳ್ಳಬೇಕೆಂದು ಆಲೋಚಿಸುವ ಸಮಯ ಬಂದಿದೆ.